ರೈಡರ್ ಹ್ಯಾಗರ್ಡ್: ಅಳಿದ ರಾಜ್ಯಗಳ ಕಥೆಗಾರ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷಿನ ಅದ್ಭುತರಮ್ಯ ಕಾದಂಬರಿಗೆ ಹೊಸ ತಿರುವು ಕೊಟ್ಟವರಲ್ಲಿ ಹೆನ್ರಿ ರೈಡರ್ ಹ್ಯಾಗರ್ಡ್ ಪ್ರಮುಖನು. ಮರುಭೂಮಿ, ಪರ್ವತಗಳಾಚೆ ಹೊರಜಗತ್ತಿಗೆ ಮರೆಯಾಗಿ ಉಳಿದ ರಾಜ್ಯವು ಅವನ ಕೃತಿಗಳಲ್ಲಿ ಮರಳಿ ಮರಳಿ ಬರುವ ಆಶಯ. ಸಾಮ್ರಾಜ್ಯದ ಸೇವಕನಾಗಿ ಬದುಕನ್ನು ಆರಂಭಿಸಿದವನ ಕಲ್ಪನೆಯು ಅಳಿವಿನಂಚಿನ ರಾಜ್ಯಗಳನ್ನೇ ಅರಸಿದ್ದೇಕೆ ಎಂಬುದಕ್ಕೆ ಅವನ ಜೀವನದಲ್ಲಿಯೇ ಕಾರಣಗಳು ದೊರೆಯುತ್ತವೆ.

1856ರಲ್ಲಿ ನಾರ್ಫೋಕ್ ಪ್ರಾಂತ್ಯದ ಬ್ರಾಡನ್‌ಹ್ಯಾಮ್‌ನಲ್ಲಿ ಜನಿಸಿದ ಹ್ಯಾಗರ್ಡ್, 1875ರಲ್ಲಿ ಗವರ್ನರನ ಪರಿವಾರದೊಡನೆ ದಕ್ಷಿಣ ಆಫ್ರಿಕದ ನೇಟಾಲಿಗೆ ತೆರಳಿದನು. ಬೋಯರರ ಟ್ರಾನ್ಸ್‌ವಾಲನ್ನು ಬ್ರಿಟಿಷರು ವಶಪಡಿಸಿಕೊಂಡಾಗ, 1877ರ ಮೇ ತಿಂಗಳಲ್ಲಿ ಪ್ರಿಟೋರಿಯಾದಲ್ಲಿ ಧ್ವಜವೇರಿಸಿದವರಲ್ಲಿ ಅವನೂ ಒಬ್ಬನು. 1879ರಲ್ಲಿ ಜುಲು ರಾಜ್ಯವು ಯುದ್ಧದಲ್ಲಿ ಕುಸಿಯಿತು. ಮರುವರ್ಷ ಬೋಯರರು ದಂಗೆಯೆದ್ದರು. 1881ರಲ್ಲಿ ಟ್ರಾನ್ಸ್‌ವಾಲನ್ನು ಅವರಿಗೆ ಹಿಂದಿರುಗಿಸುವ ಮಾತುಕತೆಗಳು ನಡೆದದ್ದು ಹ್ಯಾಗರ್ಡ್ ವಾಸಿಸುತ್ತಿದ್ದ ನ್ಯೂಕ್ಯಾಸಲ್ ಬಳಿಯ ಹಿಲ್‌ಡ್ರಾಪ್ ಮನೆಯಲ್ಲಿಯೇ. ತಾನು ಏರಿಸಿದ ಧ್ವಜವು ಇಳಿಯುವ ನಿರ್ಧಾರಕ್ಕೆ ತನ್ನ ಮನೆಯೇ ವೇದಿಕೆಯಾದ ಈ ಅನುಭವವು ಅವನ ಬರಹದ ಹಿನ್ನೆಲೆಯಲ್ಲಿ ಗಮನಾರ್ಹವಾದುದು.

ಇಂಗ್ಲೆಂಡಿಗೆ ಮರಳಿ ನ್ಯಾಯಶಾಸ್ತ್ರ ಅಭ್ಯಸಿಸಿದ ಹ್ಯಾಗರ್ಡ್‌ಗೆ ಕೀರ್ತಿ ತಂದದ್ದು 1885ರ 'ಕಿಂಗ್ ಸಾಲೊಮನ್ಸ್ ಮೈನ್ಸ್'. ಸ್ಟೀವನ್‌ಸನ್ನನ 'ಟ್ರೆಷರ್ ಐಲೆಂಡ್' ಕುರಿತು ಸೋದರನೊಡನೆ ಕಟ್ಟಿದ ಪಂಥವೇ ಇದರ ಪ್ರೇರಣೆ. ವಜ್ರಗಳನ್ನು ಅರಸಿ ಬಂದ ಬಿಳಿಯರನ್ನು ಬೀಳ್ಕೊಡುವಾಗ ಕಥೆಯ ಕುಕುವಾನಾ ರಾಜನು, ಬಂದೂಕು ಮತ್ತು ಮದ್ಯದೊಡನೆ ಬರುವ ವರ್ತಕರಿಗೆ ತನ್ನ ನಾಡನ್ನು ಮುಚ್ಚುತ್ತಾನೆ. ಸುಮಾರು ಆರು ವಾರಗಳಲ್ಲಿ ಬರೆದ 'ಶೀ' ಕಾದಂಬರಿಯಲ್ಲಿ ಎರಡು ಸಾವಿರ ವರ್ಷ ಬದುಕಿದ ರಾಣಿ ಆಯೇಷಾ ಗತನಗರವೊಂದರ ಅವಶೇಷಗಳ ನಡುವೆ ಆಳುತ್ತಾಳೆ. ಅವಳ ಅಮರತ್ವವೂ ಕ್ಷಣದಲ್ಲಿ ಕರಗುತ್ತದೆ. ಪಾತ್ರಗಳೆಲ್ಲ ಬಹುಮಟ್ಟಿಗೆ ಜುಲುಗಳೇ ಆಗಿರುವ 'ನಾಡಾ ದಿ ಲಿಲಿ' (1892) ಒಂದು ಜನಾಂಗದ ವೈಭವಕ್ಕೆ ಬರೆದ ಚರಮಗೀತೆಯಂತಿದೆ.

ಮುಂದಿನ ಪ್ರವಾಸಗಳೂ ಕೃತಿಗಳಾದವು. ಈಜಿಪ್ಟಿನಿಂದ 'ಕ್ಲಿಯೋಪಾತ್ರ', ಐಸ್‌ಲೆಂಡಿನಿಂದ 'ಎರಿಕ್ ಬ್ರೈಟೈಸ್' ಮೂಡಿದವು. ಆದರೆ 1891ರಲ್ಲಿ ಮೆಕ್ಸಿಕೋದಲ್ಲಿದ್ದಾಗ, ಹಿಲ್‌ಡ್ರಾಪ್‌ನಲ್ಲಿ ಜನಿಸಿದ್ದ ಏಕೈಕ ಪುತ್ರ ಜಾಕ್ ಒಂಬತ್ತನೆಯ ವಯಸ್ಸಿನಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡನು. ಆ ಪ್ರವಾಸದ ಫಲ 'ಮಾಂಟೆಜುಮಾಸ್ ಡಾಟರ್' (1893). ಅಜ್ಟೆಕ್ ರಾಜ್ಯದ ಪತನದ ಈ ಕಥೆಯಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆಯ ದುಃಖವೂ ಬೆರೆತಿದೆ. ಅವನು ಆ ಶೋಕದಿಂದ ಪೂರ್ಣವಾಗಿ ಹೊರಬರಲಿಲ್ಲ.

ನಂತರದ ವರ್ಷಗಳಲ್ಲಿ ಹ್ಯಾಗರ್ಡ್ ಕೃಷಿ ಸುಧಾರಣೆಯತ್ತ ತಿರುಗಿ 'ರೂರಲ್ ಇಂಗ್ಲೆಂಡ್' (1902) ರಚಿಸಿದನು. 1912ರಲ್ಲಿ ನೈಟ್ ಪದವಿ ಪಡೆದು, ರಾಯಲ್ ಕಮಿಷನ್ನಿನ ಸದಸ್ಯನಾಗಿ ಬ್ರಿಟಿಷ್ ಡೊಮಿನಿಯನ್‌ಗಳನ್ನು ಸುತ್ತಿದನು. 1925ರ ಮೇ 14ರಂದು ಲಂಡನ್ನಿನಲ್ಲಿ ನಿಧನನಾದನು.

ಬಿಳಿಯರ ಶ್ರೇಷ್ಠತೆಯ ಪೂರ್ವಗ್ರಹ ಅವನ ಕೃತಿಗಳಲ್ಲಿ ಇರುವುದನ್ನು ಅಲ್ಲಗಳೆಯಲಾಗದು. ಆದರೂ ಯಾವ ಆಳ್ವಿಕೆಯೂ ಶಾಶ್ವತವಲ್ಲವೆಂಬ ಅರಿವು ಅವುಗಳಲ್ಲಿಯೇ ಹುದುಗಿದೆ. ಈ ದ್ವಂದ್ವವೇ ಹ್ಯಾಗರ್ಡ್‌ನನ್ನು ಕೇವಲ ಸಾಮ್ರಾಜ್ಯದ ವಕ್ತಾರನೆಂದು ಬದಿಗಿಡದಂತೆ ಮಾಡುತ್ತದೆ.