ಗಣಿತಜ್ಞ ಆಬೆಲ್

ನಾರ್ವೆ ದೇಶದ ನೀಲ್ಸ್ ಹೆನ್ರಿಕ್ ಆಬೆಲ್ 1802ರಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದನು. 1820ರಲ್ಲಿ ತಂದೆ ತೀರಿಕೊಂಡು ಬಡ ಸಂಸಾರದ ಭಾರ ಬಹುಮಟ್ಟಿಗೆ ಅವನ ಮೇಲೆ ಬಿದ್ದಿತು. ಶಾಲೆಯ ಉಪಾಧ್ಯಾಯ ಹೋಲ್ಂಬೋ ಅವನ ಪ್ರತಿಭೆಯನ್ನು ಗುರುತಿಸದೆ ಹೋಗಿದ್ದರೆ ಆ ಹೆಸರು ಅಲ್ಲಿಯೇ ಅಳಿಯುತ್ತಿತ್ತೇನೋ!

ವರ್ಗಸಮೀಕರಣದ ಸೂತ್ರವನ್ನು ನಮ್ಮ ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಮೂರನೆಯ ಮತ್ತು ನಾಲ್ಕನೆಯ ಘಾತದ ಸಮೀಕರಣಗಳಿಗೆ ಹದಿನಾರನೆಯ ಶತಮಾನದ ಇಟಲಿಯವರು ಸೂತ್ರ ಕಂಡುಕೊಂಡರು. ಐದನೆಯ ಘಾತದ್ದು ಮಾತ್ರ ಎರಡೂವರೆ ಶತಮಾನ ಯಾರ ಕೈಗೂ ಸಿಗಲಿಲ್ಲ. ಆಬೆಲನೂ ಮೊದಲು ತನಗೆ ಸೂತ್ರ ಸಿಕ್ಕಿತೆಂದೇ ಭ್ರಮಿಸಿದ್ದನು. ತಪ್ಪು ತಿಳಿದ ಮೇಲೆ ಪ್ರಶ್ನೆಯನ್ನೇ ತಿರುಗಿಸಿದನು. ಕೂಡಿ, ಕಳೆದು, ಗುಣಿಸಿ, ಭಾಗಿಸಿ, ಮೂಲ ತೆಗೆದು ಅಂಥ ಸಮೀಕರಣಗಳನ್ನೆಲ್ಲ ಬಿಡಿಸಬಲ್ಲ ಒಂದು ಸೂತ್ರವು ಇರಲಾರದೆಂದು ಸಾಧಿಸಿದನು. ಇಟಲಿಯ ರುಫಿನಿ 1799ರಲ್ಲಿಯೇ ಈ ಮಾತನ್ನು ಹೇಳಿದ್ದನಾದರೂ ಅವನ ಸಾಧನೆಯಲ್ಲಿ ಕೊರತೆಯಿತ್ತು.

1824ರಲ್ಲಿ ಆಬೆಲ್ ಇದನ್ನು ಸ್ವಂತ ಹಣದಿಂದ ಅಚ್ಚುಹಾಕಿಸಿದನು. ಖರ್ಚಿಗೆ ಹೆದರಿ ಸಾಧನೆಯನ್ನೆಲ್ಲ ಆರು ಪುಟಗಳಿಗೆ ಹಿಂಡಿದ್ದರಿಂದ ಅದು ಪಂಡಿತರಿಗೂ ದುರ್ಗಮವಾಯಿತು. ಬಡತನವು ಅನ್ನವನ್ನಷ್ಟೇ ಅಲ್ಲ, ವಾದದ ಮೆಟ್ಟಿಲುಗಳನ್ನೂ ಕಸಿದಿತ್ತು. ವಿಸ್ತಾರವಾದ ಸಾಧನೆ 1826ರಲ್ಲಿ ಬರ್ಲಿನ್ನಿನ ಕ್ರೆಲ್ಲೆಯ ಪತ್ರಿಕೆಯಲ್ಲಿ ಬಂದಿತು. ಅದೇ ವರ್ಷ ಪ್ಯಾರಿಸಿನ ಅಕಾಡೆಮಿಗೆ ಒಪ್ಪಿಸಿದ, ಅನುಕಲನಗಳನ್ನು ಕುರಿತ ಮಹಾಪ್ರಬಂಧವನ್ನು ಕೋಶಿ ಬದಿಗಿಟ್ಟುಬಿಟ್ಟನು. ಅಂಥ ವಿದ್ವಾಂಸನಿಗೆ ಇದು ಒಪ್ಪುವ ನಡತೆಯಲ್ಲ. ಅದು ಅಚ್ಚಾದದ್ದು 1841ರಲ್ಲಿ.

ಆ ವೇಳೆಗೆ ಆಬೆಲ್ ಇರಲಿಲ್ಲ. 1829ರ ಏಪ್ರಿಲ್ 6ರಂದು, 26ರ ಹರೆಯದಲ್ಲಿ, ಕ್ಷಯರೋಗದಿಂದ ತೀರಿಕೊಂಡಿದ್ದನು. ಬರ್ಲಿನ್ನಿನಲ್ಲಿ ಉದ್ಯೋಗ ಖಚಿತವಾಯಿತೆಂದು ಕ್ರೆಲ್ಲೆ ಅವನಿಗೆ ಬರೆದ ಕಾಗದದ ತಾರೀಖು ಏಪ್ರಿಲ್ 8.