ಭದ್ರಾವತಿಯ ಕುಲುಮೆ

ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ವಿದ್ಯಾರ್ಜನೆ ಮಾಡಿದ ಅವರು ಕಾಲವನ್ನಾಗಲಿ ಹಣವನ್ನಾಗಲಿ ಅಪವ್ಯಯಮಾಡುವವರಲ್ಲ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆಯನ್ನು ರೂಪಿಸಿದರು.

ಕಬ್ಬಿಣದ ತಯಾರಿಕೆಗೆ ಅದಿರು, ಸುಣ್ಣಕಲ್ಲು, ಇಂಧನ ಈ ಮೂರೂ ಅವಶ್ಯಕ. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿತ್ತು. ಕಲ್ಲಿದ್ದಲು ಮಾತ್ರ ಸಂಸ್ಥಾನದಲ್ಲಿ ದೊರೆಯುತ್ತಿರಲಿಲ್ಲ. ಆದುದರಿಂದ ಮಲೆನಾಡಿನ ಸೌದೆಯನ್ನು ಇದ್ದಿಲು ಮಾಡಿ ಬಳಸುವ ಏರ್ಪಾಡಾಯಿತು. ಸೌದೆಯಿಂದ ಹೊರಡುವ ಹೊಗೆಯನ್ನೂ ಬಿಡದೆ ತಣಿಸಿ, ಅದರಿಂದ ಟಾರು ಮೊದಲಾದ ಉಪವಸ್ತುಗಳನ್ನು ಪಡೆಯಲಾಯಿತು. ಅದಿರು ಬಂದು ಇದ್ದಿಲು ಬಾರದಿದ್ದರೆ ಕುಲುಮೆ ನಡೆಯದು. ಎರಡೂ ಅಗತ್ಯಕ್ಕಿಂತ ಹೆಚ್ಚಾಗಿ ಬಂದು ರಾಶಿಬಿದ್ದರೆ ಬಂಡವಾಳವೆಲ್ಲ ಅಂಗಳದಲ್ಲಿಯೇ ಉಳಿಯುವುದು. ಆದಕಾರಣ ಕುಲುಮೆಯ ಶಕ್ತಿಗೆ ತಕ್ಕಂತೆ ಸಾಮಗ್ರಿಯ ಪೂರೈಕೆಯನ್ನು ಹೊಂದಿಸುವುದೇ ಇಂತಹ ಕಾರ್ಖಾನೆಯ ಜೀವಾಳ.

1923ರಲ್ಲಿ ಉತ್ಪಾದನೆ ಆರಂಭವಾಯಿತು. ಆದರೆ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದು, ಕಾರ್ಖಾನೆ ನಷ್ಟಕ್ಕೆ ಗುರಿಯಾಯಿತು. ಜನರ ಹಣ ನೀರುಪಾಲಾಗುವುದೆಂಬ ಟೀಕೆಗಳು ಕೇಳಿಬಂದವು. ಆಗ ಅರವತ್ತು ದಾಟಿದ್ದ ವಿಶ್ವೇಶ್ವರಯ್ಯನವರು, ತಮ್ಮ ಕೀರ್ತಿಗೆ ಕುಂದು ಬಂದೀತೆಂದು ಹಿಂಜರಿಯದೆ, ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು. ಖರ್ಚಿನ ಪ್ರತಿಯೊಂದು ಬಾಬನ್ನೂ ಪರೀಕ್ಷಿಸಿ ದುಂದನ್ನು ತಡೆದರು. ವಿದೇಶೀ ತಜ್ಞರ ಸ್ಥಾನಗಳಿಗೆ ನಮ್ಮವರನ್ನೇ ಸಿದ್ಧಗೊಳಿಸಿದರು. 1929ರಲ್ಲಿ ಅವರು ಹೊಣೆಯನ್ನು ಬಿಟ್ಟುಕೊಡುವ ವೇಳೆಗೆ ಕಾರ್ಖಾನೆಗೆ ಒಂದು ಭದ್ರವಾದ ವ್ಯವಸ್ಥೆ ಏರ್ಪಟ್ಟಿತ್ತು. ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ತರುಣರ ವೃತ್ತಿಶಿಕ್ಷಣಕ್ಕೆ ವಿನಿಯೋಗಿಸುವಂತೆ ಮಾಡಿದರು.

1955ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದ ಈ ಮಹನೀಯರು 1962ರಲ್ಲಿ ನಿಧನರಾದರು. ಮುಂದೆ ಆ ಕಾರ್ಖಾನೆಗೆ ಅವರ ಹೆಸರನ್ನೇ ಇಡಲಾಯಿತು. ಇರುವುದನ್ನು ಅಳೆದು, ಬೇಕಾದುದನ್ನು ಎಣಿಸಿ, ಅನಂತರವೇ ಕಾರ್ಯಕ್ಕೆ ಕೈಹಾಕಬೇಕೆಂಬುದು ಅವರ ಬಾಳು ನಮಗೆ ಕಲಿಸುವ ಪಾಠ.