ಕುದ್ಮುಲ್ ರಂಗರಾಯರ ಚರಿತ್ರೆ

ಈ ತಿಂಗಳು ನಿಮ್ಮ ಮುಂದಿಡುವ ಚರಿತ್ರೆಯು ನಮ್ಮ ಸಭೆಗೆ ಸೇರಿದವರೊಬ್ಬರದಲ್ಲ. ಇವರು ಸ್ನಾನದೀಕ್ಷೆಯನ್ನು ಹೊಂದಿದವರಲ್ಲ. ಬ್ರಹ್ಮಸಮಾಜದ ಮತವನ್ನು ಅನುಸರಿಸಿದವರು. ಆದರೂ ನಮ್ಮ ಕರ್ತನು ನೆರೆಯವನು ಯಾರೆಂಬದನ್ನು ತೋರಿಸುವದಕ್ಕೆ ಯಾಜಕನನ್ನಾಗಲಿ ಲೇವಿಯನನ್ನಾಗಲಿ ಆರಿಸದೆ ಸಮಾರ್ಯದವನೊಬ್ಬನನ್ನು ಆರಿಸಿಕೊಂಡನೆಂಬದನ್ನು ಬಲ್ಲ ನಮಗೆ, ಹೊರಗಿನವರಿಂದ ಕಲಿಯುವದರಲ್ಲಿ ನಾಚಿಕೆಯೇನೂ ಇರಬಾರದು.

ಕುದ್ಮುಲ್ ರಂಗರಾಯರು ೧೮೫೯ನೆಯ ಇಸವಿ ಜೂನ್ ೨೯ರಂದು ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಕಾಸರಗೋಡು ಆಗ ಮದ್ರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಮಂಗಳೂರಿಗೆ ಬಂದು ಅಲ್ಪ ಸಂಬಳದ ಉಪಾಧ್ಯಾಯರಾಗಿ, ತರುವಾಯ ವಕೀಲೀ ಪರೀಕ್ಷೆಯನ್ನು ಮುಗಿಸಿ ನ್ಯಾಯಸ್ಥಾನದಲ್ಲಿ ವಾದಿಸತೊಡಗಿದರು. ಬಡವರ ವ್ಯಾಜ್ಯಗಳನ್ನು ಮನಸ್ಸಿಟ್ಟು ನಡಿಸುವ ವಕೀಲರೆಂಬ ಹೆಸರು ಅವರಿಗೆ ಬಂದಿತು.

ಮಂಗಳೂರಿನಲ್ಲಿ ಬ್ರಹ್ಮಸಮಾಜವು ೧೮೭೦ರಲ್ಲಿ ಸ್ಥಾಪಿತವಾಗಿತ್ತು. ಒಬ್ಬನೇ ದೇವರು, ಆತನ ಮುಂದೆ ಜಾತಿಯಿಲ್ಲ ಎಂಬದು ಆ ಸಮಾಜದ ಬೋಧನೆ. ಇದನ್ನು ಆರಾಧನೆಯ ದಿನ ಕೇಳಿ ಒಪ್ಪಿ ಮಾರನೆಯ ದಿನ ಮರೆಯುವವರು ಆ ಸಮಾಜದಲ್ಲಿಯೂ ಇದ್ದಿರಬೇಕು. ಎಲ್ಲಾ ಸಭೆಗಳಲ್ಲಿಯೂ ಇರುತ್ತಾರೆ. ರಂಗರಾಯರಾದರೋ ಮರೆಯಲಿಲ್ಲ. ಅವರ ಮನಸ್ಸನ್ನು ಕಲಕಿದ ಸಂಗತಿಯೊಂದನ್ನು ಹೇಳುವದುಂಟು. ಅಸ್ಪೃಶ್ಯನೆಂದು ಎಣಿಸಲ್ಪಟ್ಟ ಒಬ್ಬ ಹುಡುಗನು ಹೇಗೋ ನಾಲ್ಕಕ್ಷರ ಕಲಿತು ಜಿಲ್ಲೆಯ ನ್ಯಾಯಸ್ಥಾನದಲ್ಲಿ ಜವಾನನ ಕೆಲಸವನ್ನು ಪಡೆದನಂತೆ. ದಿನವೂ ನ್ಯಾಯವನ್ನು ಕುರಿತು ವಾದಿಸುತ್ತಿದ್ದವರೇ ಅವನ ಬರವನ್ನು ಸಹಿಸಲಾರದೆ ಗದ್ದಲವೆಬ್ಬಿಸಿದರು. ರಂಗರಾಯರು ಅವನ ಪಕ್ಷವನ್ನು ಹಿಡಿದರು. ಒಬ್ಬ ಜವಾನನಿಗಾಗಿ ಇಷ್ಟು ಕಷ್ಟವಾದರೆ ಸಾವಿರಾರು ಮಕ್ಕಳ ಗತಿ ಏನೆಂಬ ಯೋಚನೆಯು ಅವರನ್ನು ಬಿಡಲಿಲ್ಲ.

ಮೊದಲು ಚಿಲಿಂಬಿಯಲ್ಲಿ ಒಂದು ಶಾಲೆಯನ್ನು ತೆರೆದರು. ೧೮೯೭ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಹೆಸರಿನಿಂದ ಆ ಕೆಲಸಕ್ಕೆ ಒಂದು ಸಂಘವನ್ನು ಕಟ್ಟಿದರು. ಬೊಂಬಾಯಿಯಲ್ಲಿ ವಿಠ್ಠಲ ರಾಮಜೀ ಶಿಂದೆಯವರು ಇದೇ ಹೆಸರಿನ ಸಂಘವನ್ನು ಸ್ಥಾಪಿಸಿದ್ದು ೧೯೦೬ರಲ್ಲಿ. ಅಂದರೆ ಮಂಗಳೂರಿನ ಬೀಜವು ಒಂಬತ್ತು ವರುಷ ಮುಂಚಿನದು.

ಶಾಲೆಯನ್ನು ತೆರೆಯುವದು ಸುಲಭ, ನಡಿಸುವದು ಕಷ್ಟ. ಮನೆ ಬಾಡಿಗೆಗೆ ಕೊಡುವವರಿರಲಿಲ್ಲ. ಮೇಲ್ಜಾತಿಯವರು ಅಲ್ಲಿ ಪಾಠ ಹೇಳಲು ಹಿಂಜರಿದರು. ಬಂದ ಉಪಾಧ್ಯಾಯರಲ್ಲಿ ಕ್ರೈಸ್ತರೂ ಇದ್ದರೆಂಬದನ್ನು ನಾವು ಹೆಮ್ಮೆಗಾಗಿ ಅಲ್ಲ, ಕೃತಜ್ಞತೆಗಾಗಿ ನೆನಸಬೇಕು. ಇನ್ನು ಮಕ್ಕಳನ್ನು ಕರತರುವದೋ, ಅದು ಇನ್ನೂ ಕಠಿಣವಾಗಿತ್ತು. ಹುಡುಗನು ದನ ಕಾಯ್ದರೆ ಮನೆಗೆ ಒಂದು ಹಿಡಿ ಅಕ್ಕಿ. ಹಲಗೆ ಬಳಪ ಹಿಡಿದರೆ ಅದೂ ಇಲ್ಲ. ಇದನ್ನರಿತ ರಂಗರಾಯರು ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಕೊಡಿಸಿ, ಕೈಗೆ ಸ್ವಲ್ಪ ಕಾಸನ್ನೂ ಕೊಟ್ಟರು. ಉಪದೇಶದಿಂದ ಹೊಟ್ಟೆ ತುಂಬದೆಂಬ ತಿಳುವಳಿಕೆ ಅವರಿಗಿತ್ತು.

ಅವರ ಜಾತಿಯವರು ಸುಮ್ಮನಿರಲಿಲ್ಲ. ಬಹಿಷ್ಕಾರವಾಯಿತು. ಮನೆಯ ಕೆಲಸದವರು ಬಿಟ್ಟುಹೋದರು, ನೆಂಟರು ಮುಖ ತಿರುಗಿಸಿದರು, ಬೀದಿಯಲ್ಲಿ ನಿಂದೆಯ ಮಾತುಗಳು ಬಿದ್ದವು. ಇಂಥ ಕಾಲದಲ್ಲಿ ಹೆಚ್ಚಿನ ಭಾರವು ಮನೆಯ ಹೆಂಗಸಿನ ಮೇಲೆ ಬೀಳುತ್ತದೆ. ತವರಿಗೂ ಹೋಗಲಾರದೆ, ಬಾವಿಯ ಬಳಿ ಮಾತನಾಡುವವರೂ ಇಲ್ಲದೆ ದಿನ ಕಳೆಯುವದೇನೆಂದು ನಮ್ಮ ಹಳ್ಳಿಗಳಲ್ಲಿ ಮೊದಲು ಸುವಾರ್ತೆಯನ್ನು ಅಂಗೀಕರಿಸಿದ ಮನೆಗಳ ಅಜ್ಜಿಯರು ಬಲ್ಲರು.

ಈಗ ಕೊರಗರ ವಿಷಯವನ್ನು ಹೇಳಬೇಕು. ಕೊರಗರೆಂದರೆ ತುಳುನಾಡಿನ ಮೂಲನಿವಾಸಿಗಳು. ಕಾಡಿನ ಬಳ್ಳಿಗಳಿಂದ ಬುಟ್ಟಿ ಹೆಣೆಯುವದು ಅವರ ಕಸಬು. ಅವರ ಪೂರ್ವಿಕರು ಒಂದು ಕಾಲದಲ್ಲಿ ಆ ನಾಡನ್ನು ಆಳಿದರೆಂಬ ಐತಿಹ್ಯವೂ ಉಂಟು. ಆದರೆ ನಾಡಿಗೆ ಮೊದಲಿಗರಾದ ಇವರನ್ನೇ ನಾಡಿನ ಉಳಿದ ಎಲ್ಲಾ ಜಾತಿಗಳವರು ಕೆಳಕ್ಕೆ ತಳ್ಳಿದರು. ಅಸ್ಪೃಶ್ಯರೆನಿಸಿಕೊಂಡವರು ಸಹ ಇವರನ್ನು ದೂರವಿಟ್ಟರು. ಇವರಲ್ಲಿ ಒಂದು ಪಂಗಡದವರಿಗೆ ಅಂಡೆ ಕೊರಗರೆಂದು ಹೆಸರು. ಉಗುಳು ದಾರಿಯಲ್ಲಿ ಬಿದ್ದರೆ ದಾರಿ ಮೈಲಿಗೆಯಾಗುವದೆಂದು ಅವರು ಕೊರಳಿಗೆ ಅಂಡೆಯನ್ನು ತೂಗಹಾಕಿಕೊಂಡು ಅದರಲ್ಲಿಯೇ ಉಗುಳಬೇಕಾಗಿತ್ತೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದವರು ತಿಳಿಸಿದ್ದಾರೆ. ಮತ್ತೊಂದು ಪಂಗಡದವರು ಸೊಪ್ಪನ್ನೇ ಉಡಬೇಕಾಗಿತ್ತು. ಇದೆಲ್ಲಕ್ಕಿಂತಲೂ ಹೇಯವಾದದ್ದು ಅಜಲು ಪದ್ಧತಿ. ಉಳ್ಳವರ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಅವರ ಕೂದಲನ್ನೂ ಉಗುರನ್ನೂ ಅನ್ನದಲ್ಲಿ ಬೆರಸಿ ಕೊರಗರಿಗೆ ತಿನ್ನಿಸುತ್ತಿದ್ದರು. ಮನೆಯವರ ಕೇಡು ಕೊರಗನಿಗೆ ತಗಲಿ ಹೋಗಲೆಂಬದು ಇದರ ಉದ್ದೇಶ. ಕರ್ನಾಟಕ ಸರಕಾರವು ಇದನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿದ್ದು ೨೦೦೦ದಲ್ಲಿ, ಅಂದರೆ ರಂಗರಾಯರು ತೀರಿಕೊಂಡು ಎಪ್ಪತ್ತೆರಡು ವರುಷಗಳಾದ ಮೇಲೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಾವು ಇದನ್ನು ಓದಿ, ಅದು ಘಟ್ಟದ ಕೆಳಗಿನ ಮಾತೆಂದು ತಲೆದೂಗಿ ಬಿಡಬಾರದು. ದೇವರು ಈ ಸೀಮೆಗೆ ಕೊಟ್ಟ ತೆಂಗು ಬೇರೆಲ್ಲಿಗೂ ಕಡಿಮೆಯಾದದ್ದಲ್ಲ. ಎಳನೀರು, ಕೊಬ್ಬರಿ, ಗರಿ, ನಾರು, ಒಂದೂ ವ್ಯರ್ಥವಾಗದು. ಆ ಮರದ ಚಿಪ್ಪನ್ನು ಮನುಷ್ಯನು ಏನು ಮಾಡಿದನು? ಹೋಟಲಿನ ಹಿಂಗೋಡೆಯ ಬಳಿಯಲ್ಲಿ ಇಟ್ಟು, ಕೇರಿಯವನು ಬಂದರೆ ಅದರಲ್ಲಿ ಮೇಲಿನಿಂದ ಚಹಾ ಹೊಯ್ದನು. ಮರ ಹತ್ತಿ ಕಾಯಿ ಕೆಡವಿದವನು ಅವನೇ, ಸುಲಿದವನು ಅವನೇ, ಕೊಬ್ಬರಿಯ ಮೂಟೆಯನ್ನು ಗಾಡಿಗೆ ಹೇರಿದವನೂ ಅವನೇ. ಅವನ ಪಾಲಿಗೆ ಉಳಿದದ್ದು ಚಿಪ್ಪು. ಕೊರಗನ ಕೊರಳಿನ ಅಂಡೆಗೂ ಈ ಚಿಪ್ಪಿಗೂ ಎಷ್ಟು ದೂರವೆಂಬದನ್ನು ಓದುಗರೇ ಅಳೆಯಲಿ. ಸಭೆಯೊಳಗೂ ಕರ್ತನ ಭೋಜನದ ಪಾತ್ರೆಯನ್ನು ಯಾರು ಮೊದಲು ಮುಟ್ಟುವರೆಂಬದನ್ನು ಓರೆಗಣ್ಣಿನಿಂದ ನೋಡುವವರುಂಟು. ಅಂತಿಯೋಕ್ಯದಲ್ಲಿ ಅನ್ಯಜನರ ಪಂಕ್ತಿಯಿಂದ ಎದ್ದು ಹೋದ ಪೇತ್ರನನ್ನು ಪೌಲನು ಎಲ್ಲರ ಮುಂದೆಯೇ ಗದರಿಸಿದನಲ್ಲವೇ?

ರಂಗರಾಯರು ಕೊರಗರ ಮತ್ತು ಇತರ ದಲಿತರ ಬಳಿಗೆ ದಾನಿಯಂತೆ ದೂರದಲ್ಲಿ ನಿಂತು ಹೋಗಲಿಲ್ಲ. ಕೈಕಸಬು ಇಲ್ಲದ ಓದು ಕೂಲಿಯವನ ಮಗನಿಗೆ ಸಾಲದೆಂದು ಶಾಲೆಯ ಜೊತೆಗೆ ಮಗ್ಗದ ಕೆಲಸ ಮೊದಲಾದವುಗಳನ್ನು ಕಲಿಸುವ ಏರ್ಪಾಡು ಮಾಡಿದರು. ಇದರಲ್ಲಿ ಬಾಸೆಲ್ ಮಿಶನಿನವರ ಅನುಭವವು ಅದೇ ಊರಿನಲ್ಲಿ ಕಣ್ಣಮುಂದೆ ಇತ್ತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳು, ಜಾತಿಯನ್ನು ಕಳೆದುಕೊಂಡವನಿಗೆ ಕೂಲಿ ಕೊಡುವವರಿಲ್ಲವೆಂಬದನ್ನು ಕಂಡು ನೇಯ್ಗೆಯನ್ನೂ ಹಂಚಿನ ಕಾರ್ಖಾನೆಗಳನ್ನೂ ನಡಿಸಿದ್ದರು. ರಂಗರಾಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೆಲದ ಮಾತನ್ನೆತ್ತಿದರು. ಒಡೆಯನ ಭೂಮಿಯಲ್ಲಿ ಗುಡಿಸಲು ಹಾಕಿಕೊಂಡವನು ಒಡೆಯನ ಮಾತಿಗೆ ಎದುರಾಡಲಾರನು. ಹುಡುಗನನ್ನು ಶಾಲೆಗೆ ಕಳುಹಿಸಿದರೆ ಆ ರಾತ್ರಿಯೇ ಗುಡಿಸಲನ್ನು ಕೀಳಬೇಕಾದೀತು. ಆದದರಿಂದ ನಿವೇಶನಗಳನ್ನು ದೊರಕಿಸಿ ಮನೆ ಕಟ್ಟಿಸಿಕೊಡುವದಕ್ಕೆ ಪ್ರಯಾಸಪಟ್ಟರು. ಶೇಡಿಗುಡ್ಡೆಯಲ್ಲಿ ಮಕ್ಕಳು ಉಳಿದು ಓದುವದಕ್ಕೆ ವಸತಿಯಾಯಿತು. ಊರಿನ ಪೌರಸಭೆಯಲ್ಲಿ ದಲಿತರಿಗೂ ಸ್ಥಾನ ದೊರೆಯುವಂತೆ ಪ್ರಯತ್ನಿಸಿದರು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಮೂಲನಿವಾಸಿಗಳ ಮಕ್ಕಳಿಗೆ ಶಾಲೆಯೆಂಬದು ಎಲ್ಲಾ ಕಡೆಗಳಲ್ಲಿಯೂ ಉಪಕಾರವಾಗಲಿಲ್ಲ. ಕೆನಡಾ ದೇಶದಲ್ಲಿ ಸರಕಾರವೂ ಕ್ರೈಸ್ತಸಭೆಗಳೂ ಸೇರಿ ನಡಿಸಿದ ವಸತಿಶಾಲೆಗಳು ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸಿ, ತಾಯಿಮಾತನ್ನಾಡಿದರೆ ಶಿಕ್ಷಿಸಿದವು. ಅನೇಕ ಮಕ್ಕಳು ಅಲ್ಲಿಯೇ ಸತ್ತರು. ಅಲ್ಲಿನ ಪ್ರಾಟೆಸ್ಟಂಟ್ ಸಭೆಗಳಲ್ಲೊಂದಾದ ಯುನೈಟೆಡ್ ಚರ್ಚು ಈ ಶಾಲೆಗಳ ವಿಷಯವಾಗಿ ೧೯೯೮ರಲ್ಲಿ ಕ್ಷಮೆಯನ್ನು ಬೇಡಿತು. ಆ ದೇಶದ ಸರಕಾರವು ೨೦೦೮ರಲ್ಲಿ ಬೇಡಿತು. ಸುವಾರ್ತೆಯ ಹೆಸರಿನಲ್ಲಿ ಇಂಥದ್ದು ನಡೆಯಿತೆಂಬದು ನಮಗೆ ದುಃಖದ ಸಂಗತಿ. ರಂಗರಾಯರ ಶಾಲೆಯ ಮಗುವಾದರೋ ಊಟವಾದ ಮೇಲೆ ಪಾಠ ಮುಗಿಸಿ ಕಾಸನ್ನು ಹಿಡಿದುಕೊಂಡು ತನ್ನ ತಾಯಿಯ ಬಳಿಗೆ ಓಡುತ್ತಿತ್ತು.

ತನ್ನ ಮನೆಯೊಳಗೆ ಒಂದು ನೀತಿ, ಬೀದಿಗೆ ಇನ್ನೊಂದು ಎಂಬದು ಅವರಲ್ಲಿರಲಿಲ್ಲ. ಅವರ ಮಗಳು ರಾಧಾಬಾಯಿಯವರು ಉನ್ನತ ವಿದ್ಯೆಯನ್ನು ಪಡೆದು, ಬೇರೆ ಜಾತಿಯವರಾದ ಡಾಕ್ಟರ್ ಪಿ. ಸುಬ್ಬರಾಯನ್‌ರವರನ್ನು ಮದುವೆಯಾದರು. ಈ ಅಳಿಯಂದಿರು ಮುಂದೆ ಮದ್ರಾಸು ಆಧಿಪತ್ಯದ ಮುಖ್ಯಮಂತ್ರಿಯಾದರು; ರಾಧಾಬಾಯಿಯವರು ೧೯೩೦ರಲ್ಲಿ ಲಂಡನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಸರಕಾರದವರು ರಂಗರಾಯರಿಗೆ ರಾವ್ ಸಾಹೇಬರೆಂಬ ಬಿರುದನ್ನಿತ್ತರು. ದಲಿತರ ಮಗುವೊಂದು ಓದಿ ದೊಡ್ಡ ಪದವಿಗೇರಿ ತನ್ನ ದಾರಿಯಲ್ಲಿ ವಾಹನದಲ್ಲಿ ಹೋಗುವಾಗ ಅದರ ಧೂಳು ತನ್ನ ತಲೆಯ ಮೇಲೆ ಬಿದ್ದರೆ ಜನ್ಮ ಸಾರ್ಥಕವೆಂಬ ಭಾವನೆಯು ಅವರಿಗೆ ಈ ಬಿರುದಿಗಿಂತ ದೊಡ್ಡದಾಗಿತ್ತು. ಗಾಂಧಿಯವರು ೧೯೩೪ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದಾಗ ರಂಗರಾಯರು ಇರಲಿಲ್ಲ. ಅವರು ಕಟ್ಟಿದ ಕೆಲಸವಿತ್ತು.

೧೯೨೭ರಲ್ಲಿ ರಂಗರಾಯರು ಸನ್ಯಾಸವನ್ನು ತೆಗೆದುಕೊಂಡು ಈಶ್ವರಾನಂದರೆಂಬ ಹೆಸರನ್ನು ಧರಿಸಿದರು. ಆ ಹೊತ್ತಿಗೆ ದೇಹವು ಸೋತಿತ್ತು. ೧೯೨೮ನೆಯ ಇಸವಿ ಜನವರಿ ೩೦ರಂದು ತೀರಿಕೊಂಡರು. ತನ್ನ ಶವವನ್ನು ಯಾರು ಹೊರಬೇಕೆಂಬದನ್ನು ಅವರು ಮುಂಚೆಯೇ ತಿಳಿಸಿದ್ದರು. ಊರಿನ ಕಕ್ಕಸುಗಳನ್ನು ಬಳಿಯುತ್ತಿದ್ದ ತೋಟಿಗಳು ಬಂದು, ಆ ಬ್ರಾಹ್ಮಣ ವಕೀಲರ ದೇಹವನ್ನು ಹೆಗಲಿಗೇರಿಸಿಕೊಂಡು ಹೋದರು.